ದುಡಿಮೆಯ ಹಿಂದಿನ ಮನಸ್ಸು

ವಾರಕ್ಕೆ ಎಷ್ಟು ಗಂಟೆ ದುಡಿಯಬೇಕೆಂಬ ಪ್ರಶ್ನೆಯು ೨೦೨೩ರಿಂದೀಚೆಗೆ ನಮ್ಮಲ್ಲಿ ಒಂದು ಸಾರ್ವಜನಿಕ ವಾಗ್ವಾದವಾಗಿ ನಿಂತುಬಿಟ್ಟಿದೆ. ಆ ವರ್ಷದ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಎನ್. ಆರ್. ನಾರಾಯಣಮೂರ್ತಿಯವರು ಒಂದು ಸಂಭಾಷಣೆಯಲ್ಲಿ, ನಮ್ಮ ದೇಶದ ಉತ್ಪಾದಕತೆಯು ತೀರ ಕೆಳಮಟ್ಟದಲ್ಲಿದೆಯೆಂದೂ, ತರುಣರು ದೇಶಕ್ಕಾಗಿ ವಾರಕ್ಕೆ ೭೦ ಗಂಟೆ ದುಡಿಯಲು ಮುಂದೆ ಬರಬೇಕೆಂದೂ ಹೇಳಿದರು. ಎರಡನೆಯ ಮಹಾಯುದ್ಧದ ತರುವಾಯ ಜರ್ಮನರೂ ಜಪಾನೀಯರೂ ಹಾಗೆ ಮಾಡಿದರೆಂದು ದೃಷ್ಟಾಂತವಿತ್ತರು. ೨೦೨೫ರ ಜನವರಿಯಲ್ಲಿ ಲಾರ್ಸನ್ ಅಂಡ್ ಟೂಬ್ರೋ ಸಂಸ್ಥೆಯ ಅಧ್ಯಕ್ಷರಾದ ಎಸ್. ಎನ್. ಸುಬ್ರಹ್ಮಣ್ಯನ್ ಅವರು ಎಪ್ಪತ್ತನ್ನು ತೊಂಬತ್ತಕ್ಕೇರಿಸಿದರು. ಭಾನುವಾರವೂ ನಿಮ್ಮಿಂದ ಕೆಲಸ ಮಾಡಿಸಲಾಗುತ್ತಿಲ್ಲವಲ್ಲ ಎಂದು ತಮ್ಮ ನೌಕರರ ಮುಂದೆ ವ್ಯಥೆಪಟ್ಟು, ಮನೆಯಲ್ಲಿ ಕುಳಿತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂದು ಕೇಳಿದರು. ಭಾನುವಾರದ ಪುರವಣಿಯನ್ನು ಕಾಫಿಯ ಲೋಟದೊಡನೆ ಹಿಡಿದು ಕುಳಿತಿರುವ ವಾಚಕರು ಈ ಮಾತಿಗೆ ನೊಂದುಕೊಳ್ಳಬೇಕಾಗಿಲ್ಲ; ಅದು ಆಗಲೇ ಸಾಕಷ್ಟು ಪರಿಹಾಸ್ಯಕ್ಕೆ ಈಡಾಗಿ ಹೋಗಿದೆ.

ಪರಿಹಾಸ್ಯವೆಲ್ಲ ಅಡಗಿದ ಮೇಲೆ ಉಳಿಯುವ ವಿಷಯವು ಮಾತ್ರ ಗಂಭೀರವಾದುದು. ವಾದಿಗಳೂ ಪ್ರತಿವಾದಿಗಳೂ ಗಂಟೆಯ ಲೆಕ್ಕವನ್ನೇ ಹಿಡಿದು ಜಗ್ಗಿದರು. ಒಂದು ಕಡೆಯವರು ದೇಶದ ಏಳಿಗೆಯ ಹೆಸರೆತ್ತಿದರೆ, ಇನ್ನೊಂದು ಕಡೆಯವರು ಆರೋಗ್ಯದ ಹೆಸರೆತ್ತಿದರು. ಆರೋಗ್ಯದ ವಾದಕ್ಕೆ ಬಲವಾದ ಆಧಾರವೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ಕೂಡಿ ೨೦೨೧ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವಾರಕ್ಕೆ ೫೫ ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯು ತಗಲುವ ಅಪಾಯವು, ೩೫ರಿಂದ ೪೦ ಗಂಟೆ ದುಡಿಯುವವರಿಗಿಂತ ಶೇಕಡ ೩೫ರಷ್ಟು ಹೆಚ್ಚು. ಇದೆಲ್ಲ ಸರಿ. ಆದರೆ ಮನುಷ್ಯನು ಏತಕ್ಕಾಗಿ ದುಡಿಯುತ್ತಾನೆ, ಮನಸ್ಸಿಟ್ಟು ದುಡಿಯುವಂತೆ ಅವನನ್ನು ಪ್ರೇರಿಸುವುದು ಯಾವುದು, ಎಂಬ ಮೂಲ ಪ್ರಶ್ನೆಯನ್ನು ಎರಡು ಪಕ್ಷದವರೂ ಬದಿಗಿಟ್ಟರು. ಈ ಪ್ರಶ್ನೆಯ ಮೇಲೆ ನೂರು ವರ್ಷಗಳಿಗೂ ಮಿಕ್ಕ ಕಾಲದಿಂದ ವಿದ್ವಾಂಸರು ಒಂದು ಶಾಸ್ತ್ರವನ್ನೇ ಕಟ್ಟಿದ್ದಾರೆ. ವಾಣಿಜ್ಯ ತರಗತಿಗಳಲ್ಲಿ ಅದನ್ನು ಬಾಯಿಪಾಠ ಮಾಡಿಸುತ್ತಾರೆ. ಪರೀಕ್ಷೆ ಮುಗಿದ ಮೇಲೆ ವಿದ್ಯಾರ್ಥಿಗಳು ಅದನ್ನು ಮರೆಯುತ್ತಾರೆ. ಮುಂದೆ ಸಂಸ್ಥೆಗಳನ್ನು ನಡೆಸುವವರೂ ಆ ವಿದ್ಯಾರ್ಥಿಗಳೊಳಗಿನವರೇ.

ಗಂಟೆಯ ಲೆಕ್ಕವನ್ನು ಮೊದಲು ಮುಗಿಸಿಬಿಡೋಣ. ಬ್ರಿಟಿಷರ ಆಳ್ವಿಕೆಯಲ್ಲಿ ೧೯೨೨ರ ಕಾಯಿದೆಯು ಕಾರ್ಖಾನೆಯ ವಯಸ್ಕ ಕೆಲಸಗಾರನ ವಾರದ ದುಡಿಮೆಗೆ ೬೦ ಗಂಟೆಯ ಮಿತಿಯನ್ನಿಟ್ಟಿತು. ೧೯೩೪ರ ಕಾಯಿದೆಯಲ್ಲಿ ಅದು ೫೪ಕ್ಕೆ ಇಳಿಯಿತು. ಡಾ. ಅಂಬೇಡ್ಕರ್ ಅವರು ವೈಸರಾಯರ ಮಂಡಲದಲ್ಲಿ ಕಾರ್ಮಿಕ ಖಾತೆಯನ್ನು ನೋಡಿಕೊಳ್ಳುತ್ತಿದ್ದ ಅವಧಿಯ ಕೊನೆಯಲ್ಲಿ, ೧೯೪೬ರ ತಿದ್ದುಪಡಿಯಿಂದ, ೪೮ ಆಯಿತು. ಸ್ವತಂತ್ರ ಭಾರತದ ೧೯೪೮ರ ಕಾಯಿದೆಯು ಅದನ್ನೇ ಉಳಿಸಿಕೊಂಡಿತು. ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿಯೂ ವಾರದ ೪೮ ಗಂಟೆ ಹಾಗೆಯೇ ನಿಂತಿದೆ. ಎಂದಮೇಲೆ ೭೦ ಗಂಟೆಯೆಂಬುದು ನಮ್ಮನ್ನು ೧೯೨೨ಕ್ಕಿಂತಲೂ ಹಿಂದಕ್ಕೆ ಒಯ್ಯುವ ಮಾತು. ಮೇಜಿನ ಮುಂದೆ ಕುಳಿತು ಮಾಡುವ ಕೆಲಸಕ್ಕೆ ಗಿರಣಿಯ ಲೆಕ್ಕ ಹೊಂದುವುದಿಲ್ಲವೆಂದು ಯಾರಾದರೂ ಹೇಳಬಹುದು. ಹಾಗೆಂದು ಹೇಳಿದವರು ಇಲ್ಲದಿಲ್ಲ: ೨೦೨೪ರ ಜುಲೈಯಲ್ಲಿ ಮಾಹಿತಿ ತಂತ್ರಜ್ಞಾನದ ಕಚೇರಿಗಳಲ್ಲಿ ದಿನದ ದುಡಿಮೆಯನ್ನು ೧೪ ಗಂಟೆಯವರೆಗೆ ಬೆಳೆಸಲು ಎಡೆಗೊಡುವ ಪ್ರಸ್ತಾಪವೊಂದು ಕರ್ನಾಟಕ ಸರ್ಕಾರದ ಮುಂದೆ ಬಂದಿತ್ತು, ನೌಕರರ ಸಂಘವು ಅದನ್ನು ಬಲವಾಗಿ ವಿರೋಧಿಸಿತು. ಇನ್ನು, ನಮ್ಮ ಜನ ಕಡಮೆ ದುಡಿಯುತ್ತಾರೆಂಬ ಆಧಾರವಾದರೂ ಗಟ್ಟಿಯೇ ಎಂದರೆ, ಅದೂ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂಕಿಗಳಂತೆ ಭಾರತದಲ್ಲಿ ದುಡಿಯುವವರ ಪೈಕಿ ಅರ್ಧದಷ್ಟು ಮಂದಿ ವಾರಕ್ಕೆ ೪೯ ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುತ್ತಿದ್ದಾರೆ. ಜಗತ್ತಿನಲ್ಲಿ ಇಷ್ಟು ದುಡಿಯುವ ನಾಡುಗಳು ಬಹಳವಿಲ್ಲ.

ಜರ್ಮನಿಯ ದೃಷ್ಟಾಂತವನ್ನು ಎತ್ತಿದ ಮೇಲೆ ಅದನ್ನು ಪೂರ್ತಿಯಾಗಿ ನೋಡುವುದು ನ್ಯಾಯ. ಯುದ್ಧದಲ್ಲಿ ನೆಲಸಮವಾಗಿದ್ದ ಪಶ್ಚಿಮ ಜರ್ಮನಿಯು ದುಡಿದೇ ಮೇಲಕ್ಕೆದ್ದಿತು, ಅದರಲ್ಲಿ ಸಂದೇಹವಿಲ್ಲ. ಆದರೆ ೧೯೫೧ರಲ್ಲಿಯೇ, ಇನ್ನೂ ಇಟ್ಟಿಗೆಯ ಮೇಲೆ ಇಟ್ಟಿಗೆ ಏರುತ್ತಿದ್ದ ಕಾಲದಲ್ಲಿ, ಕಲ್ಲಿದ್ದಲು ಮತ್ತು ಉಕ್ಕಿನ ದೊಡ್ಡ ಸಂಸ್ಥೆಗಳ ಮೇಲ್ವಿಚಾರಣಾ ಮಂಡಲಿಗಳಲ್ಲಿ ಅರ್ಧದಷ್ಟು ಸ್ಥಾನಗಳನ್ನು ದುಡಿಯುವವರ ಪ್ರತಿನಿಧಿಗಳಿಗೆ ಕೊಡುವ ಶಾಸನವನ್ನು ಆ ದೇಶವು ಮಾಡಿತು. ಯಾವ ಕುಲುಮೆಯನ್ನು ಹೊತ್ತಿಸಬೇಕು, ಲಾಭವನ್ನು ಎಲ್ಲಿ ತೊಡಗಿಸಬೇಕು ಎಂಬ ವಿಚಾರಕ್ಕೆ ಕುಲುಮೆಯ ಮುಂದೆ ನಿಲ್ಲುವವನ ಕಡೆಯವರೂ ಕೂತರು. ೧೯೫೬ರ ಮೇ ದಿನಾಚರಣೆಗೆ ಅಲ್ಲಿನ ಕಾರ್ಮಿಕ ಸಂಘಗಳ ಒಕ್ಕೂಟವು ಒಂದು ಭಿತ್ತಿಪತ್ರವನ್ನು ಹೊರಡಿಸಿತು. ಅದರಲ್ಲಿ ಒಬ್ಬ ಪುಟ್ಟ ಹುಡುಗನು ಶನಿವಾರದ ದಿನ ಅಪ್ಪ ತನಗೆ ಸೇರಿದವನೆಂದು ಸಾರುತ್ತಾನೆ. ವಾರಕ್ಕೆ ಐದು ದಿನ, ೪೦ ಗಂಟೆ ಎಂಬುದು ಆ ಚಳವಳಿಯ ಬೇಡಿಕೆ; ೧೯೬೭ರ ವೇಳೆಗೆ ಲೋಹದ ಕೈಗಾರಿಕೆಯಲ್ಲಿ ಅದು ಕೈಗೂಡಿತ್ತು. ಆ ದೇಶದ ಏಳಿಗೆಯೂ ದುಡಿಮೆಯ ಗಂಟೆಗಳ ಇಳಿಕೆಯೂ ಜೊತೆಜೊತೆಯಾಗಿಯೇ ನಡೆದವು. ಜಪಾನಿನ ಮಾತು ಬೇರೆ. ಅತಿದುಡಿಮೆಯಿಂದ ಸಾಯುವುದಕ್ಕೆ ಆ ಭಾಷೆಯಲ್ಲಿ ಪ್ರತ್ಯೇಕ ಪದವೇ ಹುಟ್ಟಿತು. ೨೦೧೮ರಲ್ಲಿ ಹೆಚ್ಚುವರಿ ದುಡಿಮೆಗೆ ಕಾನೂನಿನ ಕಡಿವಾಣ ಹಾಕಬೇಕಾಗಿ ಬಂದಿತು.

ಮೂರ್ತಿಯವರ ಮಾತಿನಲ್ಲಿ ಕಪಟವಿದೆಯೆಂದು ನಾವು ಹೇಳುವುದಿಲ್ಲ. ಅವರು ಹಾಗೆ ದುಡಿದವರು. ೧೯೮೧ರಲ್ಲಿ ಏಳು ಮಂದಿ ಎಂಜಿನಿಯರುಗಳು ಪುಣೆಯಲ್ಲಿ ಕೂಡಿ ಆ ಸಂಸ್ಥೆಯನ್ನು ಹುಟ್ಟುಹಾಕಿದಾಗ, ಅವರ ಪತ್ನಿ ಸುಧಾ ಅವರು ಕೂಡಿಟ್ಟಿದ್ದ ಹತ್ತು ಸಾವಿರ ರೂಪಾಯಿಯೇ ಮೂಲಧನವಾಯಿತೆಂಬುದು ಈಗ ಶಾಲೆಯ ಮಕ್ಕಳಿಗೂ ತಿಳಿದ ಕಥೆ. ಆ ಏಳು ಮಂದಿ ಏಕೆ ಹಗಲಿರುಳು ದುಡಿದರು? ಸಂಸ್ಥೆ ಅವರದಾಗಿತ್ತು, ನಿರ್ಧಾರ ಅವರದಾಗಿತ್ತು, ಬಿದ್ದರೆ ಬೀಳುವವರೂ ಎದ್ದರೆ ಏಳುವವರೂ ಅವರೇ ಆಗಿದ್ದರು. ಈ ಮರ್ಮವನ್ನು ಅವರು ಆಗ ಚೆನ್ನಾಗಿ ಬಲ್ಲವರಾಗಿದ್ದರು ಎಂಬುದಕ್ಕೂ ಸಾಕ್ಷಿಯುಂಟು: ೧೯೯೪ರಿಂದ ತಮ್ಮ ನೌಕರರಿಗೂ ಸಂಸ್ಥೆಯ ಷೇರುಗಳಲ್ಲಿ ಪಾಲು ದೊರೆಯುವ ಏರ್ಪಾಡನ್ನು ಮಾಡಿದರು, ಎಷ್ಟೋ ಮಧ್ಯಮ ವರ್ಗದ ಮನೆಗಳು ಅದರಿಂದ ಸಿರಿವಂತವಾದವು. ಆ ಕಾಲದ ನೌಕರನಿಗೆ ದುಡಿಯೆಂದು ಹೇಳಬೇಕಾದ ಅಗತ್ಯವಿದ್ದಂತೆ ತೋರುವುದಿಲ್ಲ. ಇಂದು ಇದೇ ಉದ್ಯಮದ ದೊಡ್ಡ ಸಂಸ್ಥೆಗಳಿಗೆ ಹೊಸದಾಗಿ ಸೇರುವ ಪದವೀಧರನ ವಾರ್ಷಿಕ ಸಂಬಳವು ಮೂರೂವರೆ ಲಕ್ಷದ ಆಸುಪಾಸಿನಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಕದಲದೆ ನಿಂತಿದೆಯೆಂದು ಪತ್ರಿಕೆಗಳು ಮೇಲಿಂದ ಮೇಲೆ ವರದಿ ಮಾಡಿವೆ. ಬೆಂಗಳೂರಿನ ಮನೆಬಾಡಿಗೆ ಹಾಗೆ ನಿಂತಿಲ್ಲ. ಹಿರಿಯರು ತಮ್ಮ ದುಡಿಮೆಯ ಗಂಟೆಗಳನ್ನು ಕಿರಿಯರಿಗೆ ಆದರ್ಶವಾಗಿ ಕೊಡುತ್ತಿದ್ದಾರೆ. ಆ ಗಂಟೆಗಳಿಗೆ ಕಾರಣವಾಗಿದ್ದುದನ್ನು ಮಾತ್ರ ತಮ್ಮಲ್ಲಿಯೇ ಉಳಿಸಿಕೊಂಡಿದ್ದಾರೆ.

ಗಂಟೆಯನ್ನೂ ಕೂಲಿಯನ್ನೂ ಮನಸ್ಸಿನಿಂದ ಬೇರ್ಪಡಿಸುವ ಈ ಅಭ್ಯಾಸ ಹೊಸದಲ್ಲ. ದುಡಿಮೆಯ ಶಾಸ್ತ್ರದ ಮೊದಲ ಅಧ್ಯಾಯವನ್ನು ಬರೆದವನು ಅಮೆರಿಕದ ಎಂಜಿನಿಯರು ಫ್ರೆಡರಿಕ್ ಟೇಲರ್. ೧೮೯೯ರಲ್ಲಿ ಪೆನ್ಸಿಲ್ವೇನಿಯದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ, ಬೀಡುಕಬ್ಬಿಣದ ಗಟ್ಟಿಗಳನ್ನು ರೈಲುಬಂಡಿಗೆ ಹೊತ್ತು ತುಂಬುವ ಕೆಲಸವನ್ನು ಅವನು ಪರೀಕ್ಷೆಗೆ ತೆಗೆದುಕೊಂಡನು. ಒಂದೊಂದು ಗಟ್ಟಿಯೂ ೯೨ ಪೌಂಡು ತೂಕ. ಆಳೊಬ್ಬನು ದಿನಕ್ಕೆ ಹನ್ನೆರಡೂವರೆ ಟನ್ನು ಹೊರುತ್ತಿದ್ದನು. ಯಾವಾಗ ಎತ್ತಬೇಕು, ಯಾವಾಗ ನಡೆಯಬೇಕು, ಯಾವಾಗ ಕೂರಬೇಕು ಎಂಬುದನ್ನೆಲ್ಲ ಮೇಲಿನವನು ಗಡಿಯಾರ ಹಿಡಿದು ನಿಂತು ಹೇಳಿದ ಮೇಲೆ ಅದೇ ಆಳು ೪೭ ಟನ್ನು ಹೊತ್ತನೆಂದು ಟೇಲರನು ೧೯೧೧ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಬರೆದನು. ಕೂಲಿಯು ೧.೧೫ ಡಾಲರಿನಿಂದ ೧.೮೫ ಡಾಲರಿಗೆ ಏರಿತು. ಕೆಲಸ ಹೆಚ್ಚು ಕಡಮೆ ನಾಲ್ಕು ಪಟ್ಟು. ಕೂಲಿ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು. ಈ ಕಥೆಗೆ ಟೇಲರನು ಸಾಕಷ್ಟು ಉಪ್ಪುಕಾರ ಹಚ್ಚಿದ್ದಾನೆಂಬುದನ್ನು ಕಾರ್ಖಾನೆಯ ಕಡತಗಳನ್ನು ನೋಡಿದ ಸಂಶೋಧಕರು ತರುವಾಯ ತೋರಿಸಿಕೊಟ್ಟರು. ಅವನು ಶ್ಮಿಟ್ ಎಂದು ಕರೆದ ಆ ಆಳಿನ ನಿಜವಾದ ಹೆಸರು ಹೆನ್ರಿ ನಾಲ್. ಇಂಥ ಕೆಲಸಕ್ಕೆ ಎತ್ತಿನಂಥ ಜಡಬುದ್ಧಿಯವನೇ ತಕ್ಕವನೆಂಬ ಅಭಿಪ್ರಾಯವನ್ನು ಟೇಲರನು ಯಾವ ಸಂಕೋಚವೂ ಇಲ್ಲದೆ ಬರೆದಿಟ್ಟಿದ್ದಾನೆ.

ಆದರೆ ಅದೇ ಗ್ರಂಥದಲ್ಲಿ, ಅದೇ ಆಳನ್ನು ಕುರಿತು, ಇನ್ನೊಂದು ಸಂಗತಿಯೂ ಬರುತ್ತದೆ. ದಿನವೆಲ್ಲ ಕಬ್ಬಿಣ ಹೊತ್ತ ಈ ಮನುಷ್ಯನು ಸಂಜೆ ಒಂದು ಮೈಲಿಯಷ್ಟು ದೂರ ಬಿರುಸಾಗಿ ನಡೆದು ಮನೆ ಸೇರುತ್ತಿದ್ದನು. ಒಂದು ತುಂಡು ನೆಲವನ್ನು ಕೊಂಡಿದ್ದನು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲೂ ಸಂಜೆ ಹಿಂದಿರುಗಿದ ಮೇಲೂ ಆ ನೆಲದಲ್ಲಿ ತನ್ನ ಪುಟ್ಟ ಮನೆಯ ಗೋಡೆಗಳನ್ನು ತಾನೇ ಎಬ್ಬಿಸುತ್ತಿದ್ದನು. ಟೇಲರನ ಕಣ್ಣಿಗೆ ಇದು ಆಳಿನ ಮೈಯಲ್ಲಿ ಇನ್ನೂ ಕಸುವು ಉಳಿದಿದೆಯೆಂಬುದರ ಗುರುತಾಗಿ ಕಂಡಿತು. ಗೋಡೆಯ ಬಳಿ ಗಡಿಯಾರ ಹಿಡಿದು ನಿಂತವರು ಯಾರು, ಅದಕ್ಕೆ ಕೂಲಿ ಕೊಟ್ಟವರು ಯಾರು ಎಂದು ಅವನು ಕೇಳಿಕೊಳ್ಳಲಿಲ್ಲ. ಎತ್ತಿನ ಬುದ್ಧಿಯವನಿಗೆ ಮನೆಯ ಅಳತೆ ಹೇಗೆ ತಿಳಿಯಿತೆಂದೂ ಕೇಳಿಕೊಳ್ಳಲಿಲ್ಲ. ಮುಂದಿನ ವಿದ್ವಾಂಸರು ನೂರು ವರ್ಷ ಹುಡುಕಿದ್ದೆಲ್ಲವೂ ಆ ಅರೆಕಟ್ಟಿದ ಗೋಡೆಯಲ್ಲಿತ್ತೆಂದು ನಮಗೆ ತೋರುತ್ತದೆ.

ಟೇಲರನ ದಾರಿ ಎಲ್ಲಿಗೆ ತಲಪಿತೆಂಬುದನ್ನು ಹೆನ್ರಿ ಫೋರ್ಡನ ಮೋಟಾರು ಕಾರ್ಖಾನೆಯಲ್ಲಿ ಕಾಣಬಹುದು. ೧೯೧೩ರಲ್ಲಿ ಅಲ್ಲಿ ಸುಮಾರು ಹದಿನಾಲ್ಕು ಸಾವಿರ ಮಂದಿಯನ್ನು ಕೆಲಸದಲ್ಲಿ ಇಟ್ಟುಕೊಳ್ಳಲು ಐವತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ನೇಮಿಸಿಕೊಳ್ಳಬೇಕಾಯಿತು. ಬಂದವರು ಬಂದಂತೆ ಬಿಟ್ಟು ಹೋಗುತ್ತಿದ್ದರು. ೧೯೧೪ರ ಜನವರಿಯಲ್ಲಿ ಫೋರ್ಡನು ದಿನಕ್ಕೆ ಐದು ಡಾಲರು ಕೊಡುವುದಾಗಿ ಸಾರಿದನು, ದಿನದ ಕೆಲಸವನ್ನು ಒಂಬತ್ತು ಗಂಟೆಯಿಂದ ಎಂಟಕ್ಕೆ ಇಳಿಸಿದನು. ಜನ ನಿಂತರು. ಹಣಕ್ಕೆ ಶಕ್ತಿಯಿಲ್ಲವೆಂದು ಹೇಳುವ ಆದರ್ಶವಾದಿಗಳಿಗೆ ಇದು ಉತ್ತರ.

ಹಣದ ಶಕ್ತಿ ಎಲ್ಲಿ ನಿಲ್ಲುತ್ತದೆಂಬುದನ್ನು ತೋರಿಸಿದ್ದು ಷಿಕಾಗೋ ನಗರದ ಬಳಿಯಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆಯ ಹಾಥಾರ್ನ್ ಕಾರ್ಖಾನೆ. ಬೆಳಕು ಹೆಚ್ಚಿದರೆ ಕೆಲಸ ಹೆಚ್ಚುವುದೇ ಎಂದು ತಿಳಿಯಲು ೧೯೨೪ರಲ್ಲಿ ಅಲ್ಲಿ ಪರೀಕ್ಷೆಗಳು ಮೊದಲಾದವು. ಬೆಳಕು ಹೆಚ್ಚಿಸಿದ ಕೋಣೆಯಲ್ಲಿ ಕೆಲಸ ಹೆಚ್ಚಿತು. ಬದಲಾಯಿಸದ ಕೋಣೆಯಲ್ಲಿಯೂ ಹೆಚ್ಚಿತು. ಆಮೇಲೆ ೧೯೨೭ರಲ್ಲಿ ಟೆಲಿಫೋನಿನ ರಿಲೇ ಜೋಡಿಸುವ ಕೆಲವು ಹೆಣ್ಣುಮಕ್ಕಳನ್ನು ಬೇರೆ ಕೋಣೆಯಲ್ಲಿ ಕೂರಿಸಿ, ವಿರಾಮ ಕೊಟ್ಟು, ತಿಂಡಿ ಕೊಟ್ಟು, ಕೆಲಸದ ಹೊತ್ತನ್ನು ಮೊಟಕುಮಾಡಿ ನೋಡಿದರು. ಉತ್ಪತ್ತಿ ಏರುತ್ತ ಹೋಯಿತು. ಕೊಟ್ಟದ್ದನ್ನೆಲ್ಲ ಒಮ್ಮೆ ಹಿಂದೆಗೆದುಕೊಂಡಾಗಲೂ ಅದು ಹಳೆಯ ಮಟ್ಟಕ್ಕೆ ಬೀಳಲಿಲ್ಲ. ತಮ್ಮ ಮಾತನ್ನು ಕೇಳುವವರಿದ್ದಾರೆ, ತಮ್ಮದೊಂದು ಕೂಟವಿದೆ ಎಂಬ ಭಾವನೆಯೇ ಇದಕ್ಕೆ ಕಾರಣವೆಂದು ಹಾರ್ವರ್ಡಿನ ಎಲ್ಟನ್ ಮೇಯೋ ಮತ್ತು ಅವನ ಸಂಗಡಿಗರು ವ್ಯಾಖ್ಯಾನಿಸಿದರು. ಆ ಕೋಣೆಯವರಿಗೆ ಸಂಬಳದ ಲೆಕ್ಕವನ್ನೇ ಬದಲಾಯಿಸಿದ್ದರೆಂಬುದನ್ನೂ, ಹೆಚ್ಚಾಗಿ ಹರಟುತ್ತಿದ್ದ ಇಬ್ಬರನ್ನು ತೆಗೆದು ಬೇರೆ ಇಬ್ಬರನ್ನು ಕೂರಿಸಿದ್ದರೆಂಬುದನ್ನೂ ಅವರು ಅಷ್ಟು ಗಟ್ಟಿಯಾಗಿ ಹೇಳಲಿಲ್ಲ.

ಅದೇ ಕಾರ್ಖಾನೆಯ ಇನ್ನೊಂದು ಕೋಣೆಯ ಕಥೆಯನ್ನು ತರಗತಿಗಳಲ್ಲಿ ಕಡಮೆ ಹೇಳುತ್ತಾರೆ. ನಮಗೆ ಅದೇ ಹೆಚ್ಚು ಬೆಲೆಯುಳ್ಳದ್ದೆನ್ನಿಸುತ್ತದೆ. ೧೯೩೧-೩೨ರಲ್ಲಿ ತಂತಿ ಜೋಡಿಸುವ ೧೪ ಮಂದಿ ಗಂಡಸರನ್ನು ಗಮನಿಸಲಾಯಿತು. ಹೆಚ್ಚು ಮಾಡಿದರೆ ಹೆಚ್ಚು ಸಂಬಳ ಬರುವ ಏರ್ಪಾಡು ಅಲ್ಲಿತ್ತು. ಆದರೂ ಒಂದು ದಿನಕ್ಕೆ ಇಷ್ಟು ಕೆಲಸ ಸಾಕೆಂಬ ಅಲಿಖಿತ ಕಟ್ಟಳೆಯನ್ನು ಅವರು ಮಾಡಿಕೊಂಡಿದ್ದರು. ಮೀರಿದವನಿಗೆ ಹೀನಾಯದ ಹೆಸರು, ತೋಳಿನ ಮೇಲೆ ಒಂದು ಗುದ್ದು. ಹೆಚ್ಚು ಮಾಡಿ ತೋರಿಸಿದರೆ ಮೇಲಿನವರು ದರವನ್ನು ಇಳಿಸಿಯಾರು, ನಾಲ್ವರ ಕೆಲಸವನ್ನು ಮೂವರಿಂದ ಮಾಡಿಸಿ ಒಬ್ಬನನ್ನು ಮನೆಗೆ ಕಳುಹಿಸಿಯಾರು, ಎಂಬುದು ಅವರ ಅಂಜಿಕೆ. ಹೊರಗೆ ಆಗ ಅಮೆರಿಕದ ಮಹಾ ಆರ್ಥಿಕ ಕುಸಿತ, ಅಂಜಿಕೆ ಬುಡವಿಲ್ಲದ್ದಾಗಿರಲಿಲ್ಲ. ಮೇಲಿನಿಂದ ನೋಡಿದವರಿಗೆ ಸೋಮಾರಿತನವಾಗಿ ಕಂಡದ್ದು ಕೆಳಗಿದ್ದವರ ವಿವೇಕವಾಗಿತ್ತು. ಎರಡು ದಿನದ ಕೆಲಸವನ್ನು ಒಂದು ದಿನದಲ್ಲಿ ಮುಗಿಸಿಯೂ ಬಾಯಿ ಬಿಡದೆ ಕೂರುವ ಇಂದಿನ ತರುಣ ಎಂಜಿನಿಯರನಿಗೆ ಈ ೧೪ ಮಂದಿಯ ಹೆಸರು ತಿಳಿಯದಿರಬಹುದು, ನೀತಿ ಚೆನ್ನಾಗಿ ತಿಳಿದಿದೆ.

ಪಠ್ಯಪುಸ್ತಕಗಳ ಮುಖ್ಯ ಹೆಸರುಗಳು ಇದರ ಮುಂದೆ ಬರುತ್ತವೆ. ಮ್ಯಾಸ್ಲೊ ೧೯೪೩ರಲ್ಲಿ ಮನುಷ್ಯನ ಬಯಕೆಗಳನ್ನು ಮೆಟ್ಟಿಲಾಗಿ ಜೋಡಿಸಿದನು: ಹಸಿವು, ಭದ್ರತೆ, ಒಡನಾಟ, ಗೌರವ, ಕೊನೆಗೆ ತನ್ನ ಶಕ್ತಿಯೆಲ್ಲ ಅರಳುವ ಆತ್ಮಸಿದ್ಧಿ. ವಿದ್ಯಾರ್ಥಿಗಳು ಉತ್ತರಪತ್ರಿಕೆಯಲ್ಲಿ ಬರೆಯುವ ಪಿರಮಿಡ್ಡಿನ ಚಿತ್ರವು ಅವನದಲ್ಲ, ಹಿಂದಿನಿಂದ ಬಂದವರದು. ಗೌರವದ ಹಸಿವು ಹೊಟ್ಟೆ ತುಂಬಿದ ಮೇಲೆ ಹುಟ್ಟುವುದೆಂಬ ಭಾಗವನ್ನು ನಾವು ಒಪ್ಪಲಾರೆವು. ಮಾನಕ್ಕೆ ಅಂಜಿ ಊಟವನ್ನು ಬಿಟ್ಟೆದ್ದ ಬಡವರನ್ನು ನಾವೆಲ್ಲರೂ ಕಂಡಿದ್ದೇವೆ. ಹರ್ಜ್‌ಬರ್ಗನು ಪಿಟ್ಸ್‌ಬರ್ಗ್ ಸುತ್ತಿನ ಸುಮಾರು ಇನ್ನೂರು ಎಂಜಿನಿಯರು ಮತ್ತು ಲೆಕ್ಕಿಗರನ್ನು ವಿಚಾರಿಸಿ ೧೯೫೯ರಲ್ಲಿ ಒಂದು ಭೇದವನ್ನು ಹೇಳಿದನು. ಸಂಬಳ, ಕಟ್ಟಳೆ, ಮೇಲಧಿಕಾರಿಯ ನಡತೆ ಕೆಟ್ಟರೆ ಅತೃಪ್ತಿ ಹುಟ್ಟುತ್ತದೆ. ಅವು ನೆಟ್ಟಗಿದ್ದ ಮಾತ್ರಕ್ಕೆ ಉತ್ಸಾಹ ಹುಟ್ಟುವುದಿಲ್ಲ. ಉತ್ಸಾಹವು ಕೆಲಸದ ಒಳಗಿನಿಂದ, ಹೊಣೆಯಿಂದ, ಸಾಧಿಸಿದೆನೆಂಬ ಅರಿವಿನಿಂದ ಬರತಕ್ಕದ್ದು. ಮ್ಯಾಕ್‌ಗ್ರೆಗರನು ೧೯೬೦ರಲ್ಲಿ ಕನ್ನಡಿಯನ್ನು ಯಜಮಾನರ ಕಡೆಗೆ ತಿರುಗಿಸಿದನು: ಮನುಷ್ಯನು ಸ್ವಭಾವತಃ ಮೈಗಳ್ಳನೆಂದು ನಂಬಿದವನು ಬೆತ್ತವನ್ನೂ ಬೆಲ್ಲವನ್ನೂ ಹಿಡಿಯುತ್ತಾನೆ, ಬೆತ್ತ ಬೆಲ್ಲಗಳ ನಡುವೆ ಬಾಳಿದವನು ಮೈಗಳ್ಳನಾಗುತ್ತಾನೆ, ಯಜಮಾನನು ತನ್ನ ನಂಬಿಕೆ ದಿಟವಾಯಿತೆಂದು ಹಿಗ್ಗುತ್ತಾನೆ.

೧೯೭೧ರಲ್ಲಿ ಎಡ್ವರ್ಡ್ ಡೇಸಿ ಎಂಬ ಮನಶ್ಶಾಸ್ತ್ರಜ್ಞನು ಪ್ರಕಟಿಸಿದ ಪ್ರಯೋಗವೊಂದು ಇನ್ನೂ ಸೂಕ್ಷ್ಮವಾದುದು. ಕಾಲೇಜಿನ ಹುಡುಗರಿಗೆ ತುಂಡುಗಳನ್ನು ಜೋಡಿಸುವ ಆಟವನ್ನು ಕೊಟ್ಟನು. ಅವರು ಖುಷಿಯಿಂದ ಆಡುತ್ತಿದ್ದರು. ಕೆಲವರಿಗೆ ಒಮ್ಮೆ ಹಣ ಕೊಟ್ಟು, ಮರುಸಲ ಹಣವನ್ನು ನಿಲ್ಲಿಸಿದಾಗ, ಅವರು ಬಿಡುವಿನ ಹೊತ್ತಿನಲ್ಲಿ ಆಟವನ್ನು ಮೊದಲಿನಷ್ಟು ಮುಟ್ಟಲಿಲ್ಲ. ನಮಗೆ ಪರಿಚಯವುಳ್ಳ ಒಂದು ಕಾಲೇಜಿನಲ್ಲಿ ಇದರದೇ ಇನ್ನೊಂದು ಮುಖವನ್ನು ಕಂಡೆವು. ಅಧ್ಯಾಪಕರು ಹೊತ್ತಿಗೆ ಮುಂಚೆ ಹೋಗುತ್ತಾರೆಂಬ ದೂರಿನ ಮೇಲೆ ಬೆರಳಚ್ಚಿನ ಹಾಜರಿಯ ಯಂತ್ರವನ್ನು ತಂದಿಟ್ಟರು. ಮುಂಚೆ ಹೋಗುತ್ತಿದ್ದ ಇಬ್ಬರೋ ಮೂವರೋ ಅಂದಿನಿಂದ ಸಂಜೆಯವರೆಗೆ ಕೂತರು, ಪತ್ರಿಕೆ ಓದುತ್ತ. ಪ್ರಯೋಗಶಾಲೆಯಲ್ಲಿ ಹುಡುಗರೊಂದಿಗೆ ಏಳು ಗಂಟೆಯವರೆಗೂ ಇರುತ್ತಿದ್ದ ಹಿರಿಯರೊಬ್ಬರು ಐದು ಗಂಟೆಗೆ ಬೆರಳೊತ್ತಿ ಮನೆಗೆ ಹೋಗತೊಡಗಿದರು. ಏಕೆಂದು ಕೇಳಿದರೆ, ಯಂತ್ರ ಹೋಗೆನ್ನುತ್ತಿದೆ, ಎಂದರು.

ಇವೆಲ್ಲ ಪಶ್ಚಿಮದವರ ಲೆಕ್ಕ, ನಮ್ಮ ಜನಕ್ಕೆ ಹೊಂದವು, ಎನ್ನುವವರಿಗಾಗಿ ಅಹಮದಾಬಾದಿನ ಕಥೆಯನ್ನು ಹೇಳಬೇಕು. ೧೯೧೮ರಲ್ಲಿ ಗಾಂಧೀಜಿಯವರು ಗಿರಣಿ ಕೂಲಿಗಾರರ ಪರವಾಗಿ ಉಪವಾಸ ಕೂತ ಊರು ಅದು. ಆಗ ಮಾಲೀಕರ ಮುಂದಾಳುಗಳಾಗಿದ್ದ ಅಂಬಾಲಾಲ್ ಸಾರಾಭಾಯಿಯವರು ಕ್ಯಾಲಿಕೊ ಗಿರಣಿಯ ಒಡೆಯರು. ಕೂಲಿಗಾರರ ಪಕ್ಷದಲ್ಲಿ ನಿಂತಿದ್ದವರು ಅವರ ಒಡಹುಟ್ಟಿದ ಅಕ್ಕ ಅನಸೂಯಾ ಬೆಹನ್. ಆ ಕ್ಯಾಲಿಕೊ ಸಂಸ್ಥೆಯ ಗಿರಣಿಯೊಂದರಲ್ಲಿ ೧೯೫೨ರಲ್ಲಿ ಸ್ವಯಂಚಾಲಿತ ಮಗ್ಗಗಳನ್ನು ಹೂಡಿದರು. ಮಗ್ಗ ಹೊಸದಾಯಿತೇ ಹೊರತು ಉತ್ಪತ್ತಿ ನಿರೀಕ್ಷಿಸಿದಷ್ಟು ಏರಲಿಲ್ಲ. ಬಟ್ಟೆಯಲ್ಲಿ ದೋಷವೂ ಹೆಚ್ಚು. ೧೯೫೩ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಎಂಬವನು ಬಂದು ನೋಡಿದನು. ೨೨೪ ಮಗ್ಗಗಳಿಗೆ ೨೯ ಮಂದಿ, ಅವರಲ್ಲಿ ಹನ್ನೆರಡು ಬಗೆಯ ಕೆಲಸ. ನೇಯುವವನೊಬ್ಬ, ಕಂಡಿಕೆ ತುಂಬುವವನೊಬ್ಬ, ಕಡಿದ ಎಳೆಗಳನ್ನು ಜೋಡಿಸುವವನೊಬ್ಬ, ಎಣ್ಣೆ ಹಾಕುವವನೊಬ್ಬ, ಗುಡಿಸುವವನೊಬ್ಬ. ಒಬ್ಬೊಬ್ಬನ ಪಾಲಿಗೆ ಬಿದ್ದ ಮಗ್ಗಗಳ ಸಂಖ್ಯೆಯೂ ಬೇರೆ ಬೇರೆ. ಆದ್ದರಿಂದ ಒಬ್ಬ ನೇಕಾರನಿಗೆ ಕಂಡಿಕೆಯವನಲ್ಲಿ ಒಂದು ಅಂಶ, ಎಳೆಯವನಲ್ಲಿ ಇನ್ನೊಂದು ಅಂಶ ಮಾತ್ರ ಸೇರಿದ್ದು; ಕರೆದಾಗ ಅವರು ಮತ್ತೊಬ್ಬನ ಮಗ್ಗದ ಬಳಿ ಇರುತ್ತಿದ್ದರು. ಬಟ್ಟೆ ಕೆಟ್ಟರೆ ಯಾರ ಹೊಣೆಯೆಂದು ಹೇಳುವಂತಿರಲಿಲ್ಲ. ಚೆನ್ನಾಗಿ ಬಂದರೆ ಇದು ತನ್ನದೆಂದು ಹೇಳುವಂತೆಯೂ ಇರಲಿಲ್ಲ.

ರೈಸನು ಕೊಟ್ಟ ಸಲಹೆ ಸರಳವಾಗಿತ್ತು: ಸುಮಾರು ಅರುವತ್ತು ಮಗ್ಗಗಳಿಗೆ ಏಳು ಮಂದಿಯ ಒಂದು ಗುಂಪು; ಆ ಮಗ್ಗಗಳ ಕೆಲಸವೆಲ್ಲವೂ ಆ ಗುಂಪಿನದು; ಒಳಗೆ ಹಂಚಿಕೊಳ್ಳುವುದು ಅವರಿಗೆ ಬಿಟ್ಟದ್ದು. ಮುಂದೆ ನಡೆದದ್ದನ್ನು ರೈಸನೇ ನಿರೀಕ್ಷಿಸಿರಲಿಲ್ಲ. ಮಾತು ಕಿವಿಗೆ ಬಿದ್ದೊಡನೆಯೇ ಕೆಲಸಗಾರರು ಅದನ್ನು ತಮ್ಮದಾಗಿ ಮಾಡಿಕೊಂಡರು. ಯಾರು ಯಾರ ಜೊತೆಗಿರಬೇಕೆಂಬುದನ್ನು ತಾವೇ ಗೊತ್ತುಮಾಡಿಕೊಂಡು, ಆಡಳಿತದವರು ವಿವರಗಳನ್ನು ಚರ್ಚಿಸಿ ಮುಗಿಸುವ ಮೊದಲೇ ಗುಂಪುಗಳಾಗಿ ನಿಂತರು. ಮೊದಲ ಕೆಲವು ವಾರ ತೊಡಕುಗಳಾದವು. ನೆಲೆಗೊಂಡ ಮೇಲೆ ಮಗ್ಗಗಳ ದಕ್ಷತೆಯು ಶೇಕಡ ೮೦ರ ಆಸುಪಾಸಿನಿಂದ ೯೫ರ ಆಸುಪಾಸಿಗೆ ಏರಿತು. ದೋಷವುಳ್ಳ ಬಟ್ಟೆಯು ಶೇಕಡ ಸುಮಾರು ೩೨ರಿಂದ ೨೦ಕ್ಕೆ ಇಳಿಯಿತು. ಒಂದು ಗಂಟೆಯ ದುಡಿಮೆಯನ್ನೂ ಯಾರೂ ಹೆಚ್ಚಿಸಿರಲಿಲ್ಲ. ಜನರೂ ಅವರೇ, ಮಗ್ಗಗಳೂ ಅವೇ. ೧೯೭೦ರಲ್ಲಿ ಎರಿಕ್ ಮಿಲ್ಲರ್ ಎಂಬ ಇನ್ನೊಬ್ಬ ವಿದ್ವಾಂಸನು ಬಂದು ನೋಡಿದಾಗ ಒಂದು ಶೆಡ್ಡಿನಲ್ಲಿ ಗುಂಪಿನ ಪದ್ಧತಿ ಬಹುಮಟ್ಟಿಗೆ ಹಾಗೆಯೇ ಉಳಿದಿತ್ತು. ಉಳಿದ ಕಡೆಗಳಲ್ಲಿ ಅದು ಸವೆದು ಹಳೆಯ ರೀತಿಗೆ ಜಾರಿತ್ತು. ನಂಬಿಕೆಯನ್ನು ಒಮ್ಮೆ ಹೂಡಿ ಮರೆತುಬಿಡುವುದಕ್ಕೆ ಅದೇನು ಮಗ್ಗವಲ್ಲವಷ್ಟೆ.

ಈ ಕಥೆಗೆ ಎದುರು ಕಥೆಯು ನಮ್ಮ ಕೋಲಾರ ಜಿಲ್ಲೆಯಲ್ಲಿಯೇ ನಡೆಯಿತು. ನರಸಾಪುರದಲ್ಲಿ ಐಫೋನುಗಳನ್ನು ಜೋಡಿಸುತ್ತಿದ್ದ ವಿಸ್ಟ್ರಾನ್ ಎಂಬ ತೈವಾನಿನ ಸಂಸ್ಥೆಯ ಕಾರ್ಖಾನೆಯಲ್ಲಿ, ೨೦೨೦ರ ಡಿಸೆಂಬರ್ ೧೨ರ ಬೆಳಿಗ್ಗೆ, ರಾತ್ರಿಯ ಪಾಳಿ ಮುಗಿಸಿದ ಕೆಲಸಗಾರರು ರೊಚ್ಚಿಗೆದ್ದು ಗಾಜುಗಳನ್ನೂ ಸಾಮಾನುಗಳನ್ನೂ ಒಡೆದರು. ಬಹುಮಂದಿ ಗುತ್ತಿಗೆಯ ಮೇಲೆ ಬಂದ ತರುಣರು. ಕೆಲವೇ ತಿಂಗಳುಗಳಲ್ಲಿ ಕೆಲಸಗಾರರ ಸಂಖ್ಯೆಯು ಐದು ಸಾವಿರದಿಂದ ಹತ್ತು ಸಾವಿರಕ್ಕೆ ಮೀರಿತ್ತು. ಪಾಳಿಯನ್ನು ೧೨ ಗಂಟೆಗೆ ಏರಿಸಲಾಗಿತ್ತು. ಹಾಜರಿಯ ಯಂತ್ರವು ದುಡಿದ ದಿನಗಳನ್ನು ಸರಿಯಾಗಿ ದಾಖಲಿಸದೆ ಸಂಬಳವು ತಪ್ಪಿ, ತಡವಾಗಿ ಬರುತ್ತಿತ್ತು. ದೊಂಬಿಯನ್ನು ನಾವು ಸಮರ್ಥಿಸುವುದಿಲ್ಲ. ನೂರಕ್ಕೂ ಹೆಚ್ಚು ಮಂದಿಯ ಬಂಧನವೂ ಆಯಿತು. ಆದರೆ ವಾರ ಕಳೆಯುವುದರೊಳಗೆ ಸಂಸ್ಥೆಯೇ, ಕೆಲವು ಕೆಲಸಗಾರರಿಗೆ ಸರಿಯಾಗಿ ಮತ್ತು ಸಕಾಲದಲ್ಲಿ ಸಂಬಳ ಸಂದಿರಲಿಲ್ಲವೆಂದು ಒಪ್ಪಿ ಕ್ಷಮೆ ಕೇಳಿತು, ಭಾರತದ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ತನ್ನ ಉಪಾಧ್ಯಕ್ಷನನ್ನು ತೆಗೆದುಹಾಕಿತು. ಆ ಕಾರ್ಖಾನೆ ೨೦೨೩ರಲ್ಲಿ ಟಾಟಾ ಸಂಸ್ಥೆಯ ಕೈ ಸೇರಿತು. ಆತ್ಮಸಿದ್ಧಿಯ ಮೆಟ್ಟಿಲುಗಳನ್ನು ಕುರಿತು ಉಪನ್ಯಾಸ ಮಾಡುವ ಮೊದಲು, ದುಡಿದ ದಿನದ ಕೂಲಿಯು ಆ ತಿಂಗಳಲ್ಲಿಯೇ ಕೈ ಸೇರಿತೇ ಎಂದು ವಿಚಾರಿಸುವುದು ಒಳ್ಳೆಯದು.

ಕೂಲಿ ಎಷ್ಟು ಎಂಬುದಷ್ಟೇ ಅಲ್ಲ, ಇತರರ ಪಾಲಿಗೆ ಹೋಲಿಸಿದರೆ ಎಷ್ಟು ಎಂಬುದನ್ನೂ ಮನುಷ್ಯನು ನೋಡುತ್ತಾನೆ. ಅಮೆರಿಕದ ಸ್ಟೇಸಿ ಆಡಮ್ಸ್ ಎಂಬ ಮನಶ್ಶಾಸ್ತ್ರಜ್ಞನು ೧೯೬೩ರಲ್ಲಿ ಇದನ್ನು ಸಿದ್ಧಾಂತವಾಗಿ ಬರೆದನು. ನಮ್ಮ ಪಂಕ್ತಿಭೋಜನಗಳಲ್ಲಿ ಅದು ಅದಕ್ಕೂ ಮೊದಲೇ ಸಿದ್ಧವಾಗಿದ್ದ ವಿಷಯ. ತನ್ನ ದುಡಿಮೆಗೆ ಬಂದದ್ದನ್ನು ಪಕ್ಕದವನ ದುಡಿಮೆಗೆ ಬಂದದ್ದರೊಡನೆ ತೂಗುತ್ತಾನೆ. ಅನ್ಯಾಯ ಕಂಡರೆ ಸಂಬಳವನ್ನು ಏರಿಸಿಕೊಳ್ಳಲಾಗದವನು ದುಡಿಮೆಯನ್ನು ಇಳಿಸಿಕೊಳ್ಳುತ್ತಾನೆ. ತೊಂಬತ್ತು ಗಂಟೆಯ ಮಾತು ಬಂದ ಸಂಸ್ಥೆಯಲ್ಲಿ ಅಧ್ಯಕ್ಷರ ೨೦೨೩-೨೪ನೆಯ ವರ್ಷದ ಸಂಭಾವನೆಯು ಸುಮಾರು ೫೧ ಕೋಟಿ ರೂಪಾಯಿ. ನೌಕರರೆಲ್ಲರನ್ನೂ ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವವನ ಸಂಬಳದ ೫೩೪ ಪಟ್ಟಿಗೂ ಅದು ಮಿಗಿಲೆಂದು ಸಂಸ್ಥೆಯ ವಾರ್ಷಿಕ ವರದಿಯಿಂದಲೇ ತಿಳಿದುಬಂತು. ಆ ಮಾತನ್ನು ಕೇಳಿದ ಮರುದಿನವೇ ದೇಶದ ಜನ ಆ ಅಂಕಿಯನ್ನು ಹುಡುಕಿ ತೆಗೆದರು. ಆಡಮ್ಸನು ಬದುಕಿನ ಪಾಠಕ್ಕೆ ಇದಕ್ಕಿಂತ ತಕ್ಕ ಉದಾಹರಣೆಯನ್ನು ಕಾಣುತ್ತಿರಲಿಲ್ಲ.

ಇಂಥ ಚರ್ಚೆಗಳಲ್ಲಿ ನಮ್ಮ ಕಡೆಯ ಭಾಷಣಕಾರರು ಕೊನೆಗೆ ಕಾಯಕದ ಹೆಸರನ್ನು ಎತ್ತುವುದುಂಟು. ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನು ಪೂಜೆಯ ಸ್ಥಾನಕ್ಕೆ ಏರಿಸಿದರು, ಆದ್ದರಿಂದ ಕನ್ನಡಿಗನು ಗಂಟೆ ಎಣಿಸಬಾರದು, ಎಂಬುದು ಆ ಭಾಷಣಗಳ ಧಾಟಿ. ಶರಣರ ಮಾತನ್ನು ಸಂಬಳ ಕೊಡುವವನ ಬಾಯಿಯಲ್ಲಿಟ್ಟು ನೋಡಿದರೆ ಅದರ ಅರ್ಥ ಎಷ್ಟು ತಿರುಚಿಹೋಗುತ್ತದೆಂಬುದನ್ನು ಇವರು ಯೋಚಿಸಿದಂತಿಲ್ಲ. ಕಾಯಕವನ್ನು ಕುರಿತು ಆಡಿದವರು ಸ್ವತಃ ಕೈಯಿಂದ ದುಡಿಯುತ್ತಿದ್ದವರು: ಅಂಬಿಗರು, ಮಾದಾರರು, ಮಡಿವಾಳರು, ಸೂಳು ಕಾಯುವವರು. ಅವರು ತಮಗೆ ತಾವು ಹೇಳಿಕೊಂಡ ವ್ರತ ಅದು. ಅದಕ್ಕೆ ದಾಸೋಹವೆಂಬ ಇನ್ನೊಂದು ಅರ್ಧವೂ ಇತ್ತು. ದುಡಿದುದರಲ್ಲಿ ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದುದನ್ನು ಸಮುದಾಯಕ್ಕೆ ಒಪ್ಪಿಸಬೇಕೆಂಬ ಆ ಅರ್ಧವನ್ನು ಈ ಭಾಷಣಗಳಲ್ಲಿ ನಾವು ಅಷ್ಟಾಗಿ ಕೇಳಿಲ್ಲ.

ಆಯ್ದಕ್ಕಿ ಮಾರಯ್ಯನ ಕಥೆಯು ಎಲ್ಲರಿಗೂ ಗೊತ್ತು. ಕಲ್ಯಾಣದಲ್ಲಿ ಅಂಗಳಕ್ಕೆ ಚೆಲ್ಲಿದ ಅಕ್ಕಿಯ ಕಾಳುಗಳನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿನದಕ್ಕಿಂತ ಹೆಚ್ಚು ಆಯ್ದು ತಂದನು. ಇಂದಿನ ಲೆಕ್ಕದಲ್ಲಿ ಉತ್ಪಾದಕತೆ ಏರಿತೆಂದು ಅವನಿಗೆ ಬಹುಮಾನ ಸಲ್ಲಬೇಕಾಗಿತ್ತು. ಹೆಂಡತಿ ಲಕ್ಕಮ್ಮ ಅಕ್ಕಿಯನ್ನು ನೋಡಿದಳು, ಇದು ನಮ್ಮ ಅಗತ್ಯಕ್ಕೆ ಮೀರಿದ್ದು, ಆಸೆಯಿಂದ ತಂದದ್ದು, ಎಂದು ಗದರಿದಳು, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಅವನು ಹೋಗಿ ಸುರಿದು ಬಂದನು. ಮನೆಯಲ್ಲಿ ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂದು ಕೇಳಿದವರಿಗೆ ಲಕ್ಕಮ್ಮನ ಪರಿಚಯವಿದ್ದಂತೆ ತೋರುವುದಿಲ್ಲ.